ಆರು ತಂತಿ, ನೂರು ದಾರಿ



ಕನ್ನಡ ಮಾಷ್ಟ್ರು ಗಿಟಾರಿನ ವಿಷಯ ಬರೆಯುವುದೆಂದರೇನು ಎಂದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ಈವರೆಗೆ ನಾವು ಕೊಡುತ್ತ ಬಂದುದು ಛಂದಸ್ಸು, ಗಾದೆಗಳು, ಹಳಗನ್ನಡದ ಸೊಗಸು ಇಂಥ ಲೇಖನಗಳನ್ನು. ಈ ಸಲ ದಾರಿ ಬದಲಿಸಲು ಕಾರಣವಾದದ್ದು ನಮ್ಮಿಂದಲೇ ನಡೆದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇವೆ.

ಕಳೆದ ಮಳೆಗಾಲದಲ್ಲಿ ಹತ್ತನೆಯ ತರಗತಿಯ ಇಬ್ಬರು ಹುಡುಗರು ಪರಸ್ಪರ ಮಾತು ಬಿಟ್ಟರು. ಒಂದನೆಯ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಬುತ್ತಿಯಿಂದ ಉಂಡವರು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಒಬ್ಬನಿಗೆ ಜಿಮಿ ಹೆಂಡ್ರಿಕ್ಸ್ ಜಗತ್ತಿನ ಶ್ರೇಷ್ಠ ಗಿಟಾರ್ ವಾದಕ, ಇನ್ನೊಬ್ಬನಿಗೆ ಎಡ್ಡಿ ವ್ಯಾನ್ ಹೇಲನ್. ಮಾತಿಗೆ ಮಾತು ಬೆಳೆದು, 'ನಿನ್ನವನಿಗೆ ನುಡಿಸಲಿಕ್ಕೇ ಬರುವುದಿಲ್ಲ' ಎಂಬಲ್ಲಿಗೆ ಮುಟ್ಟಿ, ಕೊನೆಗೆ ಇಬ್ಬರೂ ಬೇರೆ ಬೇರೆ ಬೆಂಚು ಹಿಡಿದಿದ್ದರು. ಶಾಲೆಗೆ ತರಬಾರದ ಮೊಬೈಲು ಒಬ್ಬನ ಚೀಲದಲ್ಲಿತ್ತು. ನಾವು ಅದನ್ನು ಕಿತ್ತುಕೊಂಡು, ಅವರ ಜಗಳದ ಮೂಲವಾದ ಆ ವಾದನವನ್ನು ಅರ್ಧ ನಿಮಿಷ ಕೇಳಿ, "ಇದೂ ಒಂದು ಸಂಗೀತವೇ? ತಗಡಿನ ಮಾಡಿನ ಮೇಲೆ ಕಲ್ಲು ಸುರಿದ ಹಾಗಿದೆ. ಇದಕ್ಕೊಂದು ಜಗಳ ಬೇರೆ!" ಎಂದುಬಿಟ್ಟೆವು. ತರಗತಿಯೆಲ್ಲ ನಕ್ಕಿತು. ಆ ಹುಡುಗ ಮಾತ್ರ ತಲೆ ಎತ್ತಿ, ತಗ್ಗಿದ ದನಿಯಲ್ಲಿ ಕೇಳಿದ: "ಮಾಷ್ಟ್ರೇ, ನೀವು ಇದನ್ನು ಪೂರ್ತಿ ಕೇಳಿದ್ದೀರಾ?"

ಕೇಳಿರಲಿಲ್ಲ. ಅದೇ ವಾರ ಅದೇ ತರಗತಿಯಲ್ಲಿ ನಾವು 'ಸಹೃದಯ' ಎಂಬ ಪದಕ್ಕೆ ಅರ್ಥ ಬರೆಸಿದ್ದೆವು. ಕವಿಯ ಹೃದಯಕ್ಕೆ ಸಮಾನವಾದ ಹೃದಯ ಓದುಗನಿಗೂ ಇದ್ದರೆ ಮಾತ್ರ ಕಾವ್ಯ ಸಾರ್ಥಕವೆಂದು ಕರಿಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದವರು, ಅರ್ಧ ನಿಮಿಷದಲ್ಲಿ ತೀರ್ಪು ಕೊಟ್ಟಿದ್ದೆವು. ಆ ರಾತ್ರಿಯಿಂದ ನಾವು ಕೇಳತೊಡಗಿದೆವು. ಕೇಳಿ ಕಲಿತದ್ದನ್ನು ನಿಮ್ಮ ಮುಂದಿಡುವುದೇ ಈ ಪಾಠದ ಉದ್ದೇಶ.

೧. ವಾದ್ಯದ ಪರಿಚಯ

ಗಿಟಾರಿಗೆ ಸಾಮಾನ್ಯವಾಗಿ ಆರು ತಂತಿಗಳು. ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳಿಗೆ ಅವನ್ನು ಶ್ರುತಿ ಮಾಡುತ್ತಾರೆ. ಕುತ್ತಿಗೆಯ ಮೇಲೆ ವೀಣೆಗಿರುವಂತೆ ಮೆಟ್ಟುಗಳಿವೆ. ಒಂದು ಕೈ ತಂತಿಯನ್ನು ಮೆಟ್ಟಿಗೆ ಒತ್ತುತ್ತದೆ, ಇನ್ನೊಂದು ಮೀಟುತ್ತದೆ. ಇಷ್ಟು ಎಲ್ಲ ಗಿಟಾರುಗಳಿಗೂ ಸಮಾನ.

ಎಲೆಕ್ಟ್ರಿಕ್ ಗಿಟಾರಿನ ವಿಶೇಷವಿರುವುದು ತಂತಿಯ ಕೆಳಗೆ. ಅಲ್ಲಿ ಅಯಸ್ಕಾಂತದ ಸುತ್ತ ತೆಳುವಾದ ತಾಮ್ರದ ತಂತಿ ಸುತ್ತಿದ 'ಪಿಕಪ್' ಎಂಬ ಸಾಧನವಿದೆ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ನೀವು ಓದುವ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಫ್ಯಾರಡೆ ೧೮೩೧ರಲ್ಲಿ ತೋರಿಸಿದ್ದು. ಆ ಸಣ್ಣ ವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಡುತ್ತದೆ. ಇಂಥ ಗಿಟಾರುಗಳು ಅಮೆರಿಕದಲ್ಲಿ ೧೯೩೦ರ ದಶಕದ ಆರಂಭದಲ್ಲಿ ಬಂದವು. ಟೊಳ್ಳಿಲ್ಲದ ಗಟ್ಟಿ ಮರದ ಒಡಲಿನ ಫೆಂಡರ್ ಟೆಲಿಕಾಸ್ಟರ್, ಗಿಬ್ಸನ್ ಲೆಸ್ ಪಾಲ್, ಫೆಂಡರ್ ಸ್ಟ್ರಾಟೋಕಾಸ್ಟರ್ ಎಂಬ ಪ್ರಸಿದ್ಧ ಮಾದರಿಗಳು ೧೯೫೦ರಿಂದ ೧೯೫೪ರೊಳಗೆ ಹೊರಬಂದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒಡಲು ಗಟ್ಟಿಯಾಗಿರುವುದರಿಂದ ದನಿ ಹುಟ್ಟುವುದು ಬಹುಮಟ್ಟಿಗೆ ತಂತಿ, ಪಿಕಪ್, ಆಂಪ್ಲಿಫೈಯರ್ ಮತ್ತು ಬೆರಳುಗಳ ಕೂಟದಿಂದ. ಆದ್ದರಿಂದ ಒಂದೇ ಗಿಟಾರನ್ನು ಇಬ್ಬರ ಕೈಗೆ ಕೊಟ್ಟರೆ ಎರಡು ವಾದ್ಯಗಳಂತೆ ಕೇಳುತ್ತದೆ. ಆಂಪ್ಲಿಫೈಯರಿಗೆ ಅದರ ಶಕ್ತಿಗೆ ಮೀರಿದ ಸಂಕೇತ ಕೊಟ್ಟಾಗ ದನಿ ಒಡೆದು ಒರಟಾಗುತ್ತದೆ. ಮೊದಲು ಅದನ್ನು ದೋಷವೆಂದೇ ಎಣಿಸಿದ್ದರು. ರಾಕ್ ವಾದಕರು ಅದನ್ನು ಬಣ್ಣವಾಗಿ ಬಳಸಿದರು. ನಾವು 'ತಗಡಿನ ಮೇಲೆ ಕಲ್ಲು' ಎಂದು ಹಳಿದದ್ದು ಈ ಬಣ್ಣವನ್ನೇ.

೨. ಶೈಲಿ ಎಂದರೇನು?

ಒಂದೇ ಕೆಲಸವನ್ನು ಮಾಡುವ ಹಲವು ಬಗೆಗಳಲ್ಲಿ ಒಬ್ಬನಿಗೆ ಸಹಜವಾದ ಬಗೆಯೇ ಅವನ ಶೈಲಿ. ಕನ್ನಡದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ದಕ್ಷಿಣಮಾರ್ಗ, ಉತ್ತರಮಾರ್ಗ ಎಂಬ ಎರಡು ಕಾವ್ಯರೀತಿಗಳನ್ನು ಹೆಸರಿಸಿ, ಅವುಗಳ ಗುಣಗಳನ್ನು ಉದಾಹರಣೆ ಸಹಿತ ವಿವರಿಸುತ್ತದೆ. ಇತರರ ವಿಚಾರವನ್ನೂ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತೆಂಬ ಮಾತು ಬರುವುದೂ ಅದೇ ಗ್ರಂಥದಲ್ಲಿ. ಶೈಲಿಭೇದದ ವಿವರಣೆಯೂ ಸೈರಣೆಯ ಮಾತೂ ಒಂದೇ ಗ್ರಂಥದಲ್ಲಿರುವುದು ನಮಗೆ ಅರ್ಥಪೂರ್ಣವಾಗಿ ಕಾಣುತ್ತದೆ.

ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಯಕ್ಷಗಾನವಿದೆ. ನಮ್ಮ ಕಾಸರಗೋಡಿನವರು ತೆಂಕುತಿಟ್ಟಿನವರು. ತೆಂಕಿನ ಚೆಂಡೆಯ ಬಿರುಸಿಗೆ ಪಳಗಿದ ಕಿವಿಗೆ ಬಡಗಿನ ಹಾಡಿಕೆ ಮೊದಲ ಸಲ ಸಪ್ಪೆ ಎನಿಸಬಹುದು. ಬಡಗಿನವರಿಗೆ ನಮ್ಮದು ಗದ್ದಲವೆನಿಸಬಹುದು. ಇಬ್ಬರೂ ತಮ್ಮ ಮನೆಯ ಸೇರಿನಿಂದ ಇನ್ನೊಬ್ಬರ ಭತ್ತ ಅಳೆಯುತ್ತಿದ್ದಾರೆ, ಅಷ್ಟೆ. ಈಗ ಗಿಟಾರಿನ ಕಡೆಗೆ ಬರೋಣ.

೩. ಕೆಲವು ವಾದಕರು, ಅವರ ದಾರಿಗಳು

(ಅ) ಬೇರು: ಥಾರ್ಪ್ ಮತ್ತು ಬಿ.ಬಿ. ಕಿಂಗ್

ರಾಕ್ ಸಂಗೀತದ ಬೇರು ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಬ್ಲೂಸ್ ಮತ್ತು ಚರ್ಚಿನ ಭಕ್ತಿಗೀತೆಗಳಲ್ಲಿದೆ. ಸಿಸ್ಟರ್ ರೊಸೆಟಾ ಥಾರ್ಪ್ (೧೯೧೫–೧೯೭೩) ಭಕ್ತಿಗೀತೆ ಹಾಡುತ್ತಲೇ ಎಲೆಕ್ಟ್ರಿಕ್ ಗಿಟಾರನ್ನು ಬಿರುಸಾಗಿ ನುಡಿಸಿದ ಮಹಿಳೆ. ೧೯೬೪ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಳಕೆ ತಪ್ಪಿದ ರೈಲುನಿಲ್ದಾಣವೊಂದರಲ್ಲಿ, ಮಳೆಯ ನಡುವೆ ಅವರು ನುಡಿಸಿದ ಕಾರ್ಯಕ್ರಮದ ಚಿತ್ರೀಕರಣ ಇಂದಿಗೂ ನೋಡಸಿಗುತ್ತದೆ. 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಅವರನ್ನು ಸೇರಿಸಿಕೊಂಡದ್ದು ೨೦೧೮ರಲ್ಲಿ, ಅವರು ತೀರಿಕೊಂಡು ೪೫ ವರ್ಷಗಳಾದ ಮೇಲೆ. ಗಿಟಾರ್ ಹುಡುಗರ ವಾದ್ಯವೆಂದು ತಿಳಿದವರು ಮೊದಲು ಇವರನ್ನು ಕೇಳಬೇಕು.

ಬಿ.ಬಿ. ಕಿಂಗ್ (೧೯೨೫–೨೦೧೫) ಅವರದು ಮಾತಾಡುವ ಶೈಲಿ. ಅವರು ಹಾಡುವಾಗ ಗಿಟಾರ್ ಸುಮ್ಮನಿರುತ್ತದೆ. ಹಾಡು ನಿಂತೊಡನೆ ಗಿಟಾರ್ ಉತ್ತರ ಕೊಡುತ್ತದೆ. ಹಲವು ತಂತಿಗಳನ್ನು ಒಟ್ಟಿಗೆ ಮೀಟಿ ಕಾರ್ಡ್ ನುಡಿಸುವುದು ಅವರಲ್ಲಿ ಅಪರೂಪ. ಒಂದೇ ಸ್ವರವನ್ನು ಹಿಡಿದು ಬೆರಳನ್ನು ನಡುಗಿಸಿ, ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರವನ್ನು ಮೇಲಕ್ಕೇರಿಸುತ್ತಾರೆ. ವೀಣೆಯಲ್ಲಿ ಗಮಕಕ್ಕಾಗಿ ತಂತಿ ಎಳೆಯುವುದನ್ನು ಕಂಡವರಿಗೆ ಇದರ ಸೊಗಸು ಬೇಗ ಹಿಡಿಯುತ್ತದೆ.

ಅವರ ಗಿಟಾರಿಗೆ 'ಲೂಸಿಲ್' ಎಂದು ಹೆಸರು. ೧೯೪೯ರ ಚಳಿಗಾಲದಲ್ಲಿ ಆರ್ಕನ್ಸಾದ ಟ್ವಿಸ್ಟ್ ಎಂಬ ಊರಿನ ನೃತ್ಯಶಾಲೆಯಲ್ಲಿ ಅವರು ನುಡಿಸುತ್ತಿದ್ದಾಗ ಇಬ್ಬರು ಗಂಡಸರು ಹೊಡೆದಾಡಿಕೊಂಡು, ಚಳಿ ಕಾಯಿಸಲು ಇಟ್ಟಿದ್ದ ಬೆಂಕಿಯನ್ನು ಉರುಳಿಸಿದರು. ಕಟ್ಟಡ ಹತ್ತಿ ಉರಿಯಿತು. ಹೊರಗೆ ಓಡಿಬಂದಿದ್ದ ಕಿಂಗ್, ಒಳಗುಳಿದ ಗಿಟಾರಿಗಾಗಿ ಮತ್ತೆ ಬೆಂಕಿಗೆ ನುಗ್ಗಿ ಅದನ್ನು ತಂದರು. ಜಗಳವಾದದ್ದು ಲೂಸಿಲ್ ಎಂಬ ಹೆಣ್ಣಿಗಾಗಿ ಎಂದು ಮಾರನೆಯ ದಿನ ತಿಳಿಯಿತು. ಅಂಥ ಮೂರ್ಖತನ ಇನ್ನೊಮ್ಮೆ ಮಾಡಬಾರದೆಂದು ನೆನಪಿಸಲು ಆ ಹೆಸರನ್ನೇ ಗಿಟಾರಿಗೆ ಇಟ್ಟರು.

(ಆ) ಜಿಮಿ ಹೆಂಡ್ರಿಕ್ಸ್: ದೋಷವನ್ನು ರಾಗ ಮಾಡಿದವರು

೧೯೪೨ರಲ್ಲಿ ಅಮೆರಿಕದ ಸಿಯಾಟಲಿನಲ್ಲಿ ಹುಟ್ಟಿದ ಹೆಂಡ್ರಿಕ್ಸ್ ಎಡಗೈಯವರು. ಬಲಗೈಯವರಿಗಾಗಿ ಮಾಡಿದ ಸ್ಟ್ರಾಟೋಕಾಸ್ಟರನ್ನು ತಲೆಕೆಳಗಾಗಿ ಹಿಡಿದು, ತಂತಿಗಳನ್ನು ಮರಳಿ ಕಟ್ಟಿ ನುಡಿಸಿದರು. ಉದ್ದವಾದ ಹೆಬ್ಬೆರಳನ್ನು ಕುತ್ತಿಗೆಯ ಮೇಲಿನಿಂದ ಹಾಯಿಸಿ ದಪ್ಪ ತಂತಿಯನ್ನು ಒತ್ತುತ್ತಿದ್ದರು. ಇದರಿಂದ ಉಳಿದ ಬೆರಳುಗಳಿಗೆ ಬಿಡುವು ಸಿಕ್ಕಿ, ತಾಳದ ಭಾಗವನ್ನೂ ಮುಖ್ಯ ಸ್ವರಾವಳಿಯನ್ನೂ ಒಟ್ಟೊಟ್ಟಿಗೆ ನುಡಿಸಲು ಸಾಧ್ಯವಾಯಿತು.

ಶಾಲಾ ವಾರ್ಷಿಕೋತ್ಸವದಲ್ಲಿ ಮೈಕನ್ನು ಸ್ಪೀಕರಿನ ಮುಂದೆ ತಂದಾಗ 'ಕುಂಯ್' ಎಂದು ಕಿವಿ ಕೊರೆಯುವ ಸದ್ದು ಬರುವುದು ನಿಮಗೆ ಗೊತ್ತು. ಹೊರಬಂದ ದನಿ ಮತ್ತೆ ಒಳಹೊಕ್ಕು ಸುತ್ತುವುದರಿಂದ ಆಗುವ ದೋಷವದು. ಹೆಂಡ್ರಿಕ್ಸ್ ಗಿಟಾರನ್ನು ಬೇಕೆಂದೇ ಸ್ಪೀಕರಿನತ್ತ ತಿರುಗಿಸಿ, ಆ ಸದ್ದು ಹುಟ್ಟುವಂತೆ ಮಾಡಿ, ನಿಂತ ಜಾಗವನ್ನು ಬದಲಿಸುತ್ತ ಅದನ್ನು ಹಿಡಿತಕ್ಕೆ ತಂದರು. ೧೯೬೯ರ ಆಗಸ್ಟ್ ೧೮ರ ಬೆಳಿಗ್ಗೆ ವುಡ್‌ಸ್ಟಾಕ್ ಉತ್ಸವದಲ್ಲಿ ತಮ್ಮ ದೇಶದ ರಾಷ್ಟ್ರಗೀತೆಯನ್ನು ಹೀಗೆ ನುಡಿಸಿದರು. ಅದು ವಿಯೆಟ್ನಾಂ ಯುದ್ಧದ ಕಾಲ. ಗೀತೆಯ ಸಾಲುಗಳ ನಡುವೆ ಬಾಂಬು ಬೀಳುವ, ಸಿಡಿಯುವ, ಯಾರೋ ಚೀರುವ ಸದ್ದುಗಳು ಆ ಆರು ತಂತಿಗಳಿಂದಲೇ ಬರುತ್ತವೆ. ಒಂದು ಪದವೂ ಇಲ್ಲದೆ ಕೇಳುವವರಿಗೆ ಯುದ್ಧ ಕಾಣುತ್ತದೆ. ನಾವು ಇದನ್ನು ಮೊದಲ ಸಲ ಕೇಳಿದಾಗ ನಡುವೆ ನಿಲ್ಲಿಸಿದೆವು. ಎರಡನೆಯ ಸಲ ಕೊನೆಯವರೆಗೆ ಕೇಳಿದೆವು. ಮೂರನೆಯ ಸಲ, ಆ ಹುಡುಗನನ್ನು ನೆನೆದು, ತಲೆ ತಗ್ಗಿಸಿದೆವು.

೧೯೭೦ರ ಸೆಪ್ಟೆಂಬರ್ ೧೮ರಂದು ಲಂಡನ್ನಿನಲ್ಲಿ, ನಿದ್ರೆಮಾತ್ರೆಗಳ ಅತಿಸೇವನೆಯಿಂದ, ೨೭ನೆಯ ವಯಸ್ಸಿಗೇ ಅವರು ತೀರಿಕೊಂಡರು. ವಾದನವನ್ನು ಮೆಚ್ಚುವುದೆಂದರೆ ವಾದಕನ ಬದುಕಿನ ಎಲ್ಲವನ್ನೂ ಒಪ್ಪುವುದಲ್ಲ ಎಂಬುದನ್ನು ಇಲ್ಲಿಯೇ ಹೇಳಿಡುತ್ತೇವೆ.

(ಇ) ಎಡ್ಡಿ ವ್ಯಾನ್ ಹೇಲನ್: ವೇಗದ ವಿನೋದ

ವ್ಯಾನ್ ಹೇಲನ್ (೧೯೫೫–೨೦೨೦) ಹಾಲೆಂಡಿನ ಆಮ್‌ಸ್ಟರ್‌ಡಾಮಿನಲ್ಲಿ ಹುಟ್ಟಿ, ೧೯೬೨ರಲ್ಲಿ ಕುಟುಂಬದೊಡನೆ ಅಮೆರಿಕಕ್ಕೆ ಬಂದವರು. ಬಾಲ್ಯದಲ್ಲಿ ಕಲಿತದ್ದು ಪಿಯಾನೋ. ಸಾಮಾನ್ಯವಾಗಿ ಮೀಟಲು ಮಾತ್ರ ಬಳಸುವ ಬಲಗೈಯ ಬೆರಳನ್ನೂ ಅವರು ಮೆಟ್ಟುಗಳ ಮೇಲೆ ತಟ್ಟಿ ಸ್ವರ ಹುಟ್ಟಿಸಿದರು. ಎರಡು ಕೈಗಳೂ ಕುತ್ತಿಗೆಯ ಮೇಲೆ ಸೇರಿದಾಗ ಪಿಯಾನೋದಲ್ಲಿ ಮಾತ್ರ ಸುಲಭವಾದ ದೂರದೂರದ ಸ್ವರಗಳ ಸರಮಾಲೆ ಗಿಟಾರಿನಲ್ಲಿ ಹರಿಯಿತು. ಈ ತಟ್ಟುವ ತಂತ್ರವನ್ನು ಅವರಿಗಿಂತ ಮೊದಲು ಬಳಸಿದವರಿದ್ದಾರೆ. ಆದರೆ ೧೯೭೮ರಲ್ಲಿ ಬಂದ 'ಇರಪ್ಷನ್' ಎಂಬ, ಎರಡು ನಿಮಿಷಕ್ಕೂ ಕಡಿಮೆಯ ಅವರ ಏಕಾಂಗಿ ವಾದನವನ್ನು ಕೇಳಿದ ಮೇಲೆ ಲೋಕದ ಗಿಟಾರ್ ಕಲಿಯುವ ಹುಡುಗರೆಲ್ಲ ತಟ್ಟತೊಡಗಿದರು.

ಅಂಗಡಿಯ ಗಿಟಾರುಗಳು ತಮಗೆ ಒಪ್ಪಲಿಲ್ಲವೆಂದು ಅವರು ಒಂದರ ಒಡಲು, ಇನ್ನೊಂದರ ಪಿಕಪ್ ಕೂಡಿಸಿ ತಮ್ಮ ಗಿಟಾರನ್ನು ತಾವೇ ಜೋಡಿಸಿಕೊಂಡರು. ಮೈಕೆಲ್ ಜಾಕ್ಸನ್ನರ 'ಬೀಟ್ ಇಟ್' ಹಾಡನ್ನು ಕೇಳಿದ್ದೀರಲ್ಲ? ಅದರ ನಡುವಿನ ಗಿಟಾರ್ ವಾದನ ಇವರದೇ. ಕೇವಲ ವೇಗ, ಭಾವವಿಲ್ಲ ಎಂಬುದು ಇವರ ಮೇಲಿನ ಸಾಮಾನ್ಯ ಆರೋಪ. ಮದ್ದಳೆಯ ಮುಕ್ತಾಯದ ಬಿರುಸಿನಲ್ಲಿ ಭಾವವಿಲ್ಲವೆಂದು ನಾವು ಹೇಳುತ್ತೇವೆಯೇ? ಉಲ್ಲಾಸವೂ ಒಂದು ಭಾವವೇ.

ಈಗ ನಮ್ಮ ಇಬ್ಬರು ಹುಡುಗರ ವಾದವನ್ನು ಮತ್ತೆ ನೋಡಿರಿ. ಒಬ್ಬರು ಗಿಟಾರನ್ನು ತಲೆಕೆಳಗು ಮಾಡಿದರು, ಇನ್ನೊಬ್ಬರು ಬಿಡಿಭಾಗಗಳಿಂದ ಕಟ್ಟಿಕೊಂಡರು. ವಾದ್ಯ ಹೀಗೆಯೇ ಇರಬೇಕೆಂಬ ಕಟ್ಟಳೆಯನ್ನು ಇಬ್ಬರೂ ಮುರಿದರು. ಜಗಳವಾಡಿದವರ ಕಣ್ಣಿಗೆ ಬೀಳದೆ ಉಳಿದದ್ದು ಈ ಸಾಮ್ಯ.

(ಈ) ಬಿಡುವಿನ ಚೆಲುವು

ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ (ಜನನ ೧೯೪೬) ಕಡಿಮೆ ಸ್ವರಗಳ ವಾದಕರು. ಒಂದು ಸ್ವರವನ್ನು ಎಳೆದು, ಅದು ಸೋರಿ ಮುಗಿಯುವವರೆಗೆ ಕಾದು, ಮುಂದಿನದಕ್ಕೆ ಹೋಗುತ್ತಾರೆ. ೧೯೭೯ರ 'ಕಂಫರ್ಟಬ್ಲಿ ನಂಬ್' ಹಾಡಿನ ಕೊನೆಯ ವಾದನದಲ್ಲಿ ಮೌನವೂ ಒಂದು ಸ್ವರದಂತೆ ಕೆಲಸ ಮಾಡುತ್ತದೆ. ಗದ್ಯಪಾಠದಲ್ಲಿ ಅಲ್ಪವಿರಾಮದಲ್ಲಿ ನಿಲ್ಲಿರಿ ಎಂದು ನಾವು ನಿಮ್ಮನ್ನು ಪೀಡಿಸುವುದು ಏಕೆಂದು ಇದನ್ನು ಕೇಳಿದರೆ ತಿಳಿದೀತು.

ಡೈರ್ ಸ್ಟ್ರೇಟ್ಸ್ ತಂಡದ ಮಾರ್ಕ್ ನಾಫ್ಲರ್ (ಜನನ ೧೯೪೯) ಪ್ರಸಿದ್ಧಿಗೆ ಮೊದಲು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಅಧ್ಯಾಪಕರೆಂಬ ಅಭಿಮಾನದಿಂದ ಇವರನ್ನು ಸೇರಿಸಿದ್ದೇವೆ. ಹೆಚ್ಚಿನ ರಾಕ್ ವಾದಕರು 'ಪಿಕ್' ಎಂಬ ಸಣ್ಣ ಚೂರಿನಿಂದ ಮೀಟಿದರೆ ಇವರು ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದಲೇ ಮೀಟುತ್ತಾರೆ. ದನಿ ದುಂಡಗೆ, ಆಪ್ತವಾಗಿ, ಎದುರು ಕೂತು ಮಾತಾಡಿದಂತೆ ಇರುತ್ತದೆ.

(ಉ) ಹಿಮ್ಮೇಳದವರು

ಎಲ್ಲರೂ ಮುಂದೆ ನಿಂತು ಮೆರೆಯುವವರಲ್ಲ. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ (ಜನನ ೧೯೪೩) ಹಲವು ಹಾಡುಗಳಲ್ಲಿ ದಪ್ಪ ತಂತಿಯನ್ನೇ ತೆಗೆದುಹಾಕಿ ಐದು ತಂತಿಗಳನ್ನು ಜಿ, ಡಿ, ಜಿ, ಬಿ, ಡಿ ಎಂದು ಶ್ರುತಿ ಮಾಡಿಕೊಂಡು, ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛದಿಂದ ಇಡೀ ಹಾಡನ್ನು ಎತ್ತಿ ನಿಲ್ಲಿಸುತ್ತಾರೆ. ಈ ಸ್ವರಗುಚ್ಛಕ್ಕೆ 'ರಿಫ್' ಎನ್ನುತ್ತಾರೆ. ಎಸಿ/ಡಿಸಿ ತಂಡದಲ್ಲಿ ಶಾಲಾ ಹುಡುಗನ ಸಮವಸ್ತ್ರ ತೊಟ್ಟು ಕುಣಿಯುತ್ತ ನುಡಿಸುವವರು ತಮ್ಮ ಆಂಗಸ್ ಯಂಗ್. ಅಣ್ಣ ಮಾಲ್ಕಂ ಯಂಗ್ (೧೯೫೩–೨೦೧೭) ಹಿಂದೆ ನಿಂತು ತಾಳ ತಪ್ಪದಂತೆ ನುಡಿಸುತ್ತಿದ್ದರು. ಅಣ್ಣನ ಆ ನೆಲಗಟ್ಟಿಲ್ಲದಿದ್ದರೆ ತಮ್ಮನ ಕುಣಿತಕ್ಕೆ ಎಡೆಯೆಲ್ಲಿ? ಚೆಂಡೆ ಮದ್ದಳೆಗಳಿಲ್ಲದ ರಂಗಸ್ಥಳವನ್ನು ಊಹಿಸಿಕೊಂಡರೆ ಸಾಕು.

(ಊ) ಕೊರತೆಯಿಂದ ಹುಟ್ಟಿದ ಶೈಲಿ

ಈ ಪಾಠದಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ತಟ್ಟಿದ್ದು ಟೋನಿ ಅಯೋಮಿ (ಜನನ ೧೯೪೮) ಅವರ ಕಥೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಲೋಹದ ತಗಡಿನ ಕಾರ್ಖಾನೆಯಲ್ಲಿ ೧೭ನೆಯ ವಯಸ್ಸಿನಲ್ಲಿ ಕೆಲಸಕ್ಕಿದ್ದರು. ಸಂಗೀತವನ್ನೇ ವೃತ್ತಿ ಮಾಡಿಕೊಳ್ಳಲು ಕೆಲಸ ಬಿಡುವ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಗೈಯವರಾದ್ದರಿಂದ ತಂತಿ ಒತ್ತುವ ಕೈ ಅದೇ. ಇನ್ನು ಗಿಟಾರ್ ಸಾಧ್ಯವಿಲ್ಲವೆಂದು ವೈದ್ಯರು ಹೇಳಿದರು. ಆಗ ಕಾರ್ಖಾನೆಯ ಮೇಲ್ವಿಚಾರಕರು ಒಂದು ಧ್ವನಿಮುದ್ರಿಕೆ ತಂದು ಕೇಳಿಸಿದರು. ಅದು ಜಾಂಗೊ ರೈನ್‌ಹಾರ್ಟ್ ಅವರದು. ಬೆಂಕಿ ಅವಘಡದಿಂದ ಎಡಗೈಯ ಎರಡು ಬೆರಳು ಸೆಟೆದುಹೋದ ಮೇಲೆ, ಉಳಿದ ಎರಡರಿಂದಲೇ ಯೂರೋಪಿನ ಮಹಾ ಜಾಝ್ ವಾದಕರಾದವರು.

ಅಯೋಮಿ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿ, ಮೇಲೆ ತೊಗಲು ಅಂಟಿಸಿಕೊಂಡರು. ನೋವಾಗದಂತೆ ತೆಳು ತಂತಿ ಹಾಕಿದರು. ಮುಂದೆ ಶ್ರುತಿಯನ್ನು ಇಳಿಸಿ ತಂತಿಗಳನ್ನು ಸಡಿಲ ಮಾಡಿದರು. ಸಡಿಲ ತಂತಿಯಿಂದ ಹೊರಟ ಆ ತಗ್ಗಿದ, ಭಾರವಾದ, ಕಪ್ಪು ಮೋಡದಂಥ ದನಿಯೇ ಬ್ಲ್ಯಾಕ್ ಸಬ್ಬತ್ ತಂಡದ ಗುರುತಾಯಿತು. ೧೯೭೦ರಲ್ಲಿ ಬಂದ ಅವರ ಮೊದಲ ದಾಖಲೆಗಳಿಂದಲೇ 'ಹೆವಿ ಮೆಟಲ್' ಎಂಬ ಪ್ರಕಾರ ಬೆಳೆಯಿತೆಂದು ಬಲ್ಲವರು ಹೇಳುತ್ತಾರೆ. ಆ ಮೇಲ್ವಿಚಾರಕರು 'ಇದು ಬೇರೆ ಬಗೆಯ ಸಂಗೀತ, ನಮಗೇಕೆ' ಎಂದು ಸುಮ್ಮನಿದ್ದಿದ್ದರೆ? ರಾಕ್ ಹುಡುಗನೊಬ್ಬನಿಗೆ ಬದುಕು ಮರಳಿ ಸಿಕ್ಕಿದ್ದು ಜಾಝ್ ವಾದಕರಿಂದ.

ಇವರ ಜೊತೆಗೆ ಕ್ವೀನ್ ತಂಡದ ಬ್ರಿಯಾನ್ ಮೇ (ಜನನ ೧೯೪೭) ಅವರನ್ನೂ ನೆನೆಯಬೇಕು. ಕೊಳ್ಳಲು ದುಡ್ಡಿಲ್ಲದೆ ೧೯೬೩ರಲ್ಲಿ ತಂದೆಯೊಡನೆ ಕೂತು, ಹಳೆಯ ಮನೆಯ ಅಗ್ಗಿಷ್ಟಿಕೆಯ ಮರದಿಂದ ಗಿಟಾರಿನ ಕುತ್ತಿಗೆ ಕೊರೆಯಲು ತೊಡಗಿದರು. ಆ ಗಿಟಾರನ್ನೇ ಆರು ಪೆನ್ಸಿನ ಹಳೆ ನಾಣ್ಯದಿಂದ ಮೀಟಿ ಲೋಕಪ್ರಸಿದ್ಧರಾದರು. ನಡುವೆ ಬಿಟ್ಟಿದ್ದ ಖಗೋಳಭೌತಶಾಸ್ತ್ರದ ಸಂಶೋಧನೆಯನ್ನು ಮುಗಿಸಿ ೨೦೦೭ರಲ್ಲಿ ಡಾಕ್ಟರೇಟ್ ಪಡೆದರು. ಗಿಟಾರ್ ಹಿಡಿದವನು ಓದುವುದಿಲ್ಲವೆಂದು ಗೊಣಗುವ ಹೆತ್ತವರಿಗೆ ಈ ಸಂಗತಿ ತಿಳಿಸಬಹುದು. ಆದರೆ ಓದಿದ ಮೇಲೆ ತಿಳಿಸುವುದು ಕ್ಷೇಮ.

೪. ಯಾರು ಶ್ರೇಷ್ಠರು?

ಇಷ್ಟಾದರೂ 'ಕೊನೆಗೆ ಒಂದನೆಯ ಸ್ಥಾನ ಯಾರಿಗೆ?' ಎಂದು ನೀವು ಕೇಳಿಯೇ ಕೇಳುತ್ತೀರಿ. ಅಂಥ ಪಟ್ಟಿಗಳಿವೆ. ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ ೨೦೦೩ರಲ್ಲಿ ನೂರು ಗಿಟಾರ್ ವಾದಕರ ಪಟ್ಟಿ ಮಾಡಿದಾಗ ಹೆಂಡ್ರಿಕ್ಸರಿಗೆ ೧ನೆಯ ಸ್ಥಾನ, ವ್ಯಾನ್ ಹೇಲನ್‌ರಿಗೆ ೭೦ನೆಯ ಸ್ಥಾನ. ಅದೇ ಪತ್ರಿಕೆ ೨೦೧೧ರಲ್ಲಿ ಹೊಸ ಪಟ್ಟಿ ಮಾಡಿದಾಗ ವ್ಯಾನ್ ಹೇಲನ್‌ರಿಗೆ ೮ನೆಯ ಸ್ಥಾನ. ಅವರು ೧೯೭೮ರಲ್ಲಿ ನುಡಿಸಿದ್ದು ಈ ಎಂಟು ವರ್ಷಗಳಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ಅಳೆಯುವವರು ಮತ್ತು ಅವರ ಅಳತೆಗೋಲು. ಪಟ್ಟಿಯಿಂದ ಹೊಸ ಹೆಸರುಗಳು ತಿಳಿಯುತ್ತವೆ, ಅಷ್ಟು ಲಾಭ ಉಂಟು. ಅದರ ಮೇಲೆ ಸ್ನೇಹವನ್ನು ಪಣ ಒಡ್ಡುವುದು ವಿವೇಕವಲ್ಲ.

ವಾದಕರು ಸ್ವತಃ ಹೇಗೆ ನಡೆದುಕೊಂಡರು ನೋಡಿರಿ. ೧೯೬೦ರ ದಶಕದ ನಡುವೆ ಲಂಡನ್ನಿನ ಗೋಡೆಯೊಂದರ ಮೇಲೆ ಅಭಿಮಾನಿಗಳು ಎರಿಕ್ ಕ್ಲಾಪ್ಟನ್ ದೇವರೆಂದು ಬರೆದಿದ್ದರು. ೧೯೬೬ರ ಅಕ್ಟೋಬರ್ ೧ರಂದು, ಆಗಷ್ಟೇ ಇಂಗ್ಲೆಂಡಿಗೆ ಬಂದಿದ್ದ, ಅಲ್ಲಿ ಯಾರೂ ಅರಿಯದ ಹೆಂಡ್ರಿಕ್ಸ್ ಅದೇ ಕ್ಲಾಪ್ಟನ್‌ರ ವೇದಿಕೆಗೆ ಬಂದು ನುಡಿಸಿ ಅವರನ್ನು ದಂಗುಬಡಿಸಿದರು. ಮತ್ಸರ ಬೆಳೆಯಬೇಕಾದಲ್ಲಿ ಗೆಳೆತನ ಬೆಳೆಯಿತು. ಹೆಂಡ್ರಿಕ್ಸರಿಗೆ ಕೊಡಬೇಕೆಂದು ತಾವು ಎಡಗೈಯವರ ಸ್ಟ್ರಾಟೋಕಾಸ್ಟರ್ ಒಂದನ್ನು ಕೊಂಡಿಟ್ಟಿದ್ದುದನ್ನೂ, ಕೊಡುವ ಮೊದಲೇ ಅವರು ತೀರಿಕೊಂಡದ್ದನ್ನೂ ಕ್ಲಾಪ್ಟನ್ ಮುಂದೆ ಹೇಳಿಕೊಂಡಿದ್ದಾರೆ. ಇನ್ನು ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್: ೧೯೬೮ರಲ್ಲಿ ತಾವೇ ಕಟ್ಟಿದ 'ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್' ಹಾಡಿಗೆ ಗಿಟಾರ್ ನುಡಿಸಲು ಇದೇ ಕ್ಲಾಪ್ಟನ್‌ರನ್ನು ಕರೆತಂದರು. ತಾವೇ ಗಿಟಾರ್ ವಾದಕರಾಗಿದ್ದು ಈ ಜಾಗದಲ್ಲಿ ಇನ್ನೊಬ್ಬರ ಕೈ ಚೆನ್ನೆಂದು ತಿಳಿಯುವುದು ದೊಡ್ಡ ಮನಸ್ಸು. ರವಿಶಂಕರರ ಬಳಿ ಕೂತು ಸಿತಾರ್ ಕಲಿತವರೂ ಇದೇ ಹ್ಯಾರಿಸನ್.

೫. ಕೇಳುವ ಕ್ರಮ

ಕೆಲವು ತಿಂಗಳ ಅಭ್ಯಾಸದಿಂದ ನಾವು ಕಂಡುಕೊಂಡ ಸೂತ್ರಗಳು ಇವು.

ಒಂದು: ಪೂರ್ತಿ ಕೇಳಿರಿ, ಮೂರು ಸಲ ಕೇಳಿರಿ. ಮೊದಲ ಸಲ ಕಿವಿ ತನ್ನ ಅಭ್ಯಾಸವನ್ನೇ ಕೇಳುತ್ತದೆ. ವಾದಕನನ್ನು ಕೇಳುವುದು ಅನಂತರ.

ಎರಡು: ಈ ವಾದಕ ಏನು ಮಾಡಲು ಹೊರಟಿದ್ದಾನೆ ಎಂದು ಕೇಳಿಕೊಳ್ಳಿರಿ. ಗಿಲ್ಮೋರರಲ್ಲಿ ವೇಗವನ್ನೂ ವ್ಯಾನ್ ಹೇಲನ್‌ರಲ್ಲಿ ಮೌನವನ್ನೂ ಹುಡುಕುವುದು ಮಾವಿನ ಮರದಲ್ಲಿ ಹಲಸು ಹುಡುಕಿದಂತೆ.

ಮೂರು: 'ನನಗೆ ಹಿಡಿಸಲಿಲ್ಲ' ಎಂಬುದಕ್ಕೂ 'ಅದು ಚೆನ್ನಾಗಿಲ್ಲ' ಎಂಬುದಕ್ಕೂ ಇರುವ ಅಂತರವನ್ನು ಮರೆಯಬೇಡಿರಿ. ಮೊದಲನೆಯದು ನಿಮ್ಮ ವಿಷಯ. ಅದಕ್ಕೆ ಸಾಕ್ಷಿ ಬೇಡ. ಎರಡನೆಯದು ವಾದನದ ವಿಷಯ. ಅದಕ್ಕೆ ಕಾರಣ ಕೊಡಬೇಕು.

ನಾಲ್ಕು: ತೆರೆದ ಮನಸ್ಸೆಂದರೆ ಎಲ್ಲವನ್ನೂ ಹೊಗಳುವುದಲ್ಲ. ಪ್ರತಿಯೊಂದು ಶೈಲಿಯಲ್ಲಿಯೂ ಜೊಳ್ಳು ಇದೆ, ಕಾಳು ಇದೆ. ತೂರಲು ಕಲಿಯಬೇಕು. ಅಯೋಮಿಯವರ ಕಥೆ ನಮ್ಮನ್ನು ಕಲಕಿತು. ಅವರ ವಾದನ ಇಂದಿಗೂ ನಮ್ಮ ಕಿವಿಗೆ ಭಾರವೇ. ಇದನ್ನು ಮರೆಮಾಚುವುದಿಲ್ಲ. ಆದರೆ ಅದನ್ನು ಸಂಗೀತವಲ್ಲವೆಂದು ಇನ್ನು ಹೇಳಲಾರೆವು.

೬. ನಮ್ಮ ಮಾತು

ಅಧ್ಯಾಪಕ ತರಬೇತಿಗಾಗಿ ನಾವು ಗಟ್ಟದ ಮೇಲಿನ ಊರೊಂದಕ್ಕೆ ಹೋಗಿದ್ದಾಗ, ಬಾಯಿ ತೆರೆದ ಮೊದಲ ದಿನವೇ ಕೆಲವರು ನಕ್ಕರು. ಮನೆಯಲ್ಲಿ ಆಡುವ ಕನ್ನಡ, ಅಂಗಡಿಯಲ್ಲಿ ಆಡುವ ಮಲಯಾಳ, ಬಯಲಿನಲ್ಲಿ ಕೇಳುವ ತುಳು ಇವುಗಳ ನಡುವೆ ಬೆಳೆದ ನಮ್ಮ ರಾಗ ಅವರಿಗೆ ಕನ್ನಡವೆನಿಸಲಿಲ್ಲ. 'ಇದೂ ಒಂದು ಕನ್ನಡವೇ?' ಎಂದು ಒಬ್ಬರು ಕೇಳಿದ್ದು ಇಂದಿಗೂ ಕಿವಿಯಲ್ಲಿದೆ. ಇಪ್ಪತ್ತು ವರ್ಷಗಳ ಮೇಲೆ ಹತ್ತನೆಯ ತರಗತಿಯಲ್ಲಿ ನಿಂತು ನಾವು ಹ್ಞಾಂ ಹೂಂ ಎನ್ನದೆ ಹೇಳಿದ್ದು ಅದೇ ವಾಕ್ಯ: 'ಇದೂ ಒಂದು ಸಂಗೀತವೇ?' ಪದ ಒಂದೇ ಬದಲಾಗಿತ್ತು.

ನೋಯಿಸಿಕೊಂಡವನು ನೋಯಿಸಲಾರನೆಂದು ತಿಳಿದಿದ್ದೆವು. ಅದು ನಿಜವಲ್ಲ, ನೆನಪಿಟ್ಟುಕೊಂಡು ಎಚ್ಚರದಿಂದಿರುವವನು ಮಾತ್ರ ನೋಯಿಸದಿರಬಲ್ಲ. ಗಡಿಯಲ್ಲಿ ಬದುಕುವ ನಮಗೆ ಎರಡು ನುಡಿ, ಎರಡು ಲಿಪಿ, ಹಲವು ರಾಗಗಳ ನಡುವೆ ನಡೆದಾಡುವುದು ನಿತ್ಯದ ಕೆಲಸ. ಕೇರಳದ ಶಾಲಾ ಕಲೋತ್ಸವದ ಪಟ್ಟಿಯಲ್ಲಿ ಯಕ್ಷಗಾನವೂ ಇದೆ, ಗಿಟಾರೂ ಇದೆ. ಒಂದನ್ನು ಮೆಚ್ಚಿದರೆ ಇನ್ನೊಂದು ಬಡವಾಗುವುದಿಲ್ಲ.

ಇಬ್ಬರು ಹುಡುಗರಿಗೂ ನಾವು ಒಂದು ಮನೆಗೆಲಸ ಕೊಟ್ಟೆವು: ಎದುರಾಳಿಯ ವಾದಕನಲ್ಲಿ ಮೂರು ಗುಣ ಹುಡುಕಿ ಬರೆಯಿರಿ. ಹೆಂಡ್ರಿಕ್ಸ್ ಪಕ್ಷದವನು ಬರೆದ ಮೂರನೆಯ ವಾಕ್ಯ: 'ವ್ಯಾನ್ ಹೇಲನ್ ಎಷ್ಟು ವೇಗವಾಗಿ ನುಡಿಸಿದರೂ ಅವನು ನಗುತ್ತಿದ್ದಾನೆಂದು ಕೇಳಿದರೇ ಗೊತ್ತಾಗುತ್ತದೆ.' ಇನ್ನೊಬ್ಬನದು: 'ಹೆಂಡ್ರಿಕ್ಸ್ ಎಲ್ಲಿ ತಪ್ಪುತ್ತಾನೆ ಎಂದು ಹುಡುಕಿದೆ. ತಪ್ಪು ಯಾವುದು, ಬೇಕೆಂದೇ ಮಾಡಿದ್ದು ಯಾವುದು ಎಂದು ಹೇಳಲು ಆಗಲಿಲ್ಲ.' ಎರಡಕ್ಕೂ ಪೂರ್ಣ ಅಂಕ ಕೊಟ್ಟೆವು. ಅವರು ಮತ್ತೆ ಒಂದೇ ಬೆಂಚಿಗೆ ಬಂದರೆಂದು ಬರೆದರೆ ಪಾಠಕ್ಕೆ ಒಪ್ಪುತ್ತಿತ್ತು. ಹಾಗಾಗಿಲ್ಲ, ಬೆಂಚು ಬೇರೆಯೇ ಇದೆ. ಆದರೆ ಮಧ್ಯಾಹ್ನ ಮಾತಾಡುತ್ತಾರೆ, ವಾದ ಇನ್ನೂ ಮುಗಿದಿಲ್ಲ. ವಾದ ಮುಗಿಯಬೇಕಾಗಿಯೂ ಇಲ್ಲ.

೧೯೭೭ರಲ್ಲಿ ಅಮೆರಿಕ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಭೂಮಿಯ ಸದ್ದುಗಳನ್ನು ಹೊತ್ತ ಚಿನ್ನದ ಲೇಪದ ಧ್ವನಿಮುದ್ರಿಕೆಗಳಿವೆ. ಅದರಲ್ಲಿ ಚಕ್ ಬೆರ‍್ರಿಯವರ ಗಿಟಾರಿನ 'ಜಾನಿ ಬಿ. ಗೂಡ್' ಇದೆ, ಗೋವೆಯಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರರ ಭೈರವಿಯೂ ಇದೆ. ಎರಡೂ ಒಂದೇ ತಟ್ಟೆಯಲ್ಲಿ, ಒಂದನ್ನೊಂದು ತಳ್ಳದೆ, ಸೂರ್ಯನ ಗಾಳಿಯ ಎಲ್ಲೆಯನ್ನೂ ದಾಟಿ ಹೋಗುತ್ತಿವೆ. ಅಲ್ಲಿ ಜಾಗವಿದ್ದರೆ ನಮ್ಮ ಬೆಂಚಿನಲ್ಲಿಯೂ ಇರಬೇಕು.

ಅಭ್ಯಾಸ

೧. ಶೈಲಿ ಎಂದರೇನು? ಈ ಪಾಠದ ಇಬ್ಬರು ವಾದಕರನ್ನು ಹೋಲಿಸಿ ವಿವರಿಸಿರಿ.
೨. ದೋಷವೆಂದು ಎಣಿಸಿದ್ದು ಗುಣವಾದ ಎರಡು ಸಂದರ್ಭಗಳನ್ನು ಪಾಠದಿಂದ ಆಯ್ದು ಬರೆಯಿರಿ.
೩. ಎಲೆಕ್ಟ್ರಿಕ್ ಗಿಟಾರಿನಲ್ಲಿ ದನಿ ಹುಟ್ಟುವ ಬಗೆಯನ್ನು ಚಿತ್ರ ಸಹಿತ ತಿಳಿಸಿರಿ.
೪. ನಿಮಗೆ ಹಿಡಿಸದ ಒಂದು ಹಾಡನ್ನೋ ವಾದನವನ್ನೋ ಮೂರು ಸಲ ಪೂರ್ತಿ ಕೇಳಿ, ಅದರ ಮೂರು ಗುಣಗಳನ್ನು ಬರೆಯಿರಿ.
೫. ನೀವು ಪೂರ್ತಿ ಕೇಳದೆ ತೀರ್ಪು ಕೊಟ್ಟ ಒಂದು ಸಂದರ್ಭವನ್ನು ನೆನೆದುಕೊಳ್ಳಿರಿ. (ಇದನ್ನು ಬರೆಯಬೇಕಾಗಿಲ್ಲ.)